ಎರಡು ಕೂದಲೆಳೆಯಷ್ಟು ಸಣ್ಣ ಗುಂಡಿ

ನಮ್ಮ ಮನೆ, ಮೇಲಿನ ಕೋಣೆ
ಮಾರ್ಚ್ 11, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿ ನೋವು ಕಮ್ಮಿಯಾಯಿತೇ? ಕಣ್ಣಿಗೆ ಹನಿ ಹಾಕಿಸಿಕೊಳ್ಳುವುದನ್ನು ತಪ್ಪಿಸುತ್ತಿಲ್ಲ ತಾನೆ? ಮಗಳ ಮನೆಯಲ್ಲಿ ಬಿಸಿನೀರಿನ ನಲ್ಲಿ ಯಾವ ಕಡೆ ಅಂತ ಇನ್ನೂ ತಡಕುತ್ತಿದ್ದೀಯಂತೆ, ಅವಳೇ ಫೋನಿನಲ್ಲಿ ಹೇಳಿದಳು. ಕೇಳಿ ನನಗೆ ನಗು ಬರಲಿಲ್ಲ. ನಾನು ಆರಾಮವಾಗಿದ್ದೇನೆ. ಹೋದ ವಾರ ಇನ್ನೊಂದು ಹಲ್ಲು ಹೋಯಿತಲ್ಲ. ಹಲ್ಲು ಕಮ್ಮಿಯಾಗುತ್ತಾ ಬಂತು, ಸುಳ್ಳು ಮಾತ್ರ ಹಾಗೇ ಇದೆ.

ಈ ಪತ್ರವನ್ನು ನಿನಗೆ ಓದಿ ಹೇಳುವವಳು ನಿನ್ನ ಮಗಳೇ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ಮಗಳೇ, ಮಾಮನ ಕಾಗದ ಅಂತ ನಗುತ್ತಲೇ ಶುರು ಮಾಡಿರುತ್ತೀಯ. ನಡುವೆ ನಗು ನಿಂತರೂ ಓದು ನಿಲ್ಲಿಸಬೇಡ. ಅಮ್ಮನಿಗೆ ಬೇಜಾರಾಗುತ್ತದೆ ಅಂತ ಒಂದು ಸಾಲೂ ಹಾರಿಸಬೇಡ. ಇದರಲ್ಲಿ ನಿನಗೂ ಪಾಲಿದೆ.

ಅಕ್ಕಾ, ಶನಿವಾರ ನಿನ್ನ ಮಗಳು ಫೋನು ಮಾಡಿ, “ಮಾಮಾ, ಹೊಲಿಗೆ ಮಷೀನು, ಕತ್ತರಿ, ದಾರದ ಪೆಟ್ಟಿಗೆ ಎಲ್ಲಾ ಹೊಲಿಗೆ ಕ್ಲಾಸಿನವರಿಗೆ ಕೊಟ್ಬಿಡು ಅಂತ ಅಮ್ಮ ಹೇಳ್ತಿದ್ದಾಳೆ. ಬರೋ ಭಾನುವಾರ ಬರ್ತಾರೆ, ಕೆಳಗಿನ ಮನೆ ಬೀಗ ತೆಗೆದುಕೊಡು” ಅಂದಳು. ಆಯ್ತಮ್ಮ ಅಂದೆ. ಆಮೇಲೆ ನಿನಗೇ ಎರಡು ಸಲ ಫೋನು ಮಾಡಿದೆ, ನೆನಪಿದೆಯಾ? ಎರಡು ಸಲವೂ ಹೇಳಬೇಕಾದದ್ದನ್ನು ಹೇಳಲೆಂದೇ ಮಾಡಿದ್ದು. ಒಂದು ಸಲ ಎದುರು ಮನೆಯವನ ಟೋಪನ್ ಕೂದಲಿನ ಜೋಕು ಹೇಳಿದೆ, ಇನ್ನೊಂದು ಸಲ ನನ್ನ ಹಲ್ಲಿನದು. ನೀನು ನಕ್ಕೆ, ನಾನು ಫೋನು ಇಟ್ಟೆ. ನನ್ನ ಬಾಯಿ ನನ್ನ ಮಾತನ್ನೇ ಕೇಳುವುದಿಲ್ಲ ಅಕ್ಕಾ. ಪೆನ್ನು ವಾಸಿ, ಸ್ವಲ್ಪ ಹೆದರಿಸಿದರೆ ಕೇಳುತ್ತದೆ.

ನನ್ನ ಕಸುಬು ನಿನಗೆ ಗೊತ್ತೇ ಇದೆ. ಆದರೂ ನಿನ್ನ ಮಗಳಿಗಾಗಿ ಹೇಳುತ್ತೇನೆ, ಇಲ್ಲದಿದ್ದರೆ ನನ್ನ ತಪ್ಪಿನ ಅಳತೆ ಅವಳಿಗೆ ಸಿಗುವುದಿಲ್ಲ. ಹಳೇ ರೇಡಿಯೋ, ಆಂಪ್ಲಿಫೈಯರು, ಟೇಪ್ ರೆಕಾರ್ಡರು ಇಟ್ಟುಕೊಂಡವರಿಗೆಲ್ಲ ಒಂದೇ ಸಂಕಟ. ಐದು ಗುಂಡಿಗಳಲ್ಲಿ ಒಂದು ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಮನೆ ಬದಲಾಯಿಸುವಾಗ ಕಳೆದಿರುತ್ತದೆ. ಮಾಡಿದ ಕಂಪನಿ ಮುಚ್ಚಿ ಎಷ್ಟೋ ವರ್ಷ. ಅವರು ಉಳಿದ ಗುಂಡಿಗಳಲ್ಲಿ ಒಂದನ್ನು ನನಗೆ ತಂದುಕೊಡುತ್ತಾರೆ. ನಾನು ಅದನ್ನು ಜೇಡಿಮಣ್ಣಿನ ಮೇಲೆ ಕೂರಿಸಿ, ಸುತ್ತ ರಟ್ಟಿನ ಗೋಡೆ ಕಟ್ಟಿ, ರಬ್ಬರಿನ ಪಾಕ ಸುರಿದು ಅಚ್ಚು ತೆಗೆಯುತ್ತೇನೆ. ಕಾಗದದ ಲೋಟದಲ್ಲಿ ರೆಸಿನ್ ಅನ್ನುವ ಗಟ್ಟಿಯಾಗುವ ಪಾಕಕ್ಕೆ ಬಣ್ಣ ಕಲಸಿ, ಗುಳ್ಳೆ ಉಳಿಯದ ಹಾಗೆ ಹಲ್ಲುಕಡ್ಡಿಯಿಂದ ಕೆದಕುತ್ತಾ ಅಚ್ಚಿಗೆ ಹೊಯ್ದು, ನಡುವೆ ಹಿತ್ತಾಳೆಯ ಸಣ್ಣ ಕೊಳವೆ ನಿಲ್ಲಿಸಿ ಒಂದು ದಿನ ಮುಟ್ಟದೆ ಬಿಡುತ್ತೇನೆ. ಕೊನೆಗೆ ಮೇಲಿನ ಗೆರೆಗೆ ಬಿಳಿ ಬಣ್ಣ ತುಂಬಿ ಒರೆಸಿದರೆ ಅಸಲಿಗೆ ಅವಳಿ ಹುಟ್ಟಿದ ಹಾಗೆ. ಆ ವಾಸನೆಗೆ ನೀನು ಕೆಳಗಿನಿಂದ, “ಲೋ ತರಲೆ, ಏನೋ ಬೇಯಿಸ್ತಿದ್ದೀಯ, ಟೈರಾ?” ಅಂತ ಕೂಗುತ್ತಿದ್ದೆ. ಅಕ್ಕ ಅಂಗಿಯ ಗುಂಡಿ ಹೊಲಿಯುತ್ತಾಳೆ, ತಮ್ಮ ರೇಡಿಯೋದ ಗುಂಡಿ ಎರೆಯುತ್ತಾನೆ, ಒಂದೇ ತಾಯಿಯ ಮಕ್ಕಳಿಬ್ಬರೂ ಗುಂಡಿಗೆ ಬಿದ್ದಿದ್ದಾರೆ ಅಂತ ನಾನು ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ನಿನ್ನನ್ನು ತಳ್ಳುವವನು ನಾನೇ ಆಗುತ್ತೇನೆ ಅಂತ ಆಗ ಅಂದುಕೊಂಡಿರಲಿಲ್ಲ.

ನಿನ್ನ ಕಣ್ಣಿಗೆ ಮಂಜು ಕವಿದ ಮೇಲೆ ನೀನು ಲೋಕವನ್ನೆಲ್ಲ ಬೆರಳಲ್ಲೇ ನೋಡುತ್ತಿದ್ದೆ. ಮೂಲೆ ಅಂಗಡಿಯ ದರ್ಜಿ ಕೋಟುಗಳ ಗುಂಡಿ ತೂರುವ ಕಾಜ ಹೊಲಿಸಲು ನಿನ್ನ ಹತ್ತಿರವೇ ಕಳಿಸುತ್ತಿದ್ದ. ಎಡಗೈ ಹೆಬ್ಬೆರಳು ಮುಂದೆ, ಸೂಜಿ ಅದರ ಹಿಂದೆ, ಒಂದು ಎಳೆ ಆಚೀಚೆ ಆಗುತ್ತಿರಲಿಲ್ಲ. ಭಾವ ತಂದಿದ್ದ ಆ ಮರದ ಪೆಟ್ಟಿಗೆಯ ರೇಡಿಯೋ ಕೂಡ ಹಾಗೇ. ಸದ್ದಿನ ಗುಂಡಿಯ ಅಂಚಿನ ಗೀರುಗಳನ್ನು ನೀನು ಎಣಿಸುತ್ತಾ ತಿರುಗಿಸುತ್ತಿದ್ದೆ. ವಾರ್ತೆಗೆ ಏಳು, ಹಾಡಿಗೆ ಹನ್ನೊಂದು, ನಾನು ಮಾತಾಡಲು ಬಂದರೆ ಸೊನ್ನೆ.

ಒಂದು ದಿನ ಹೊಸದಾಗಿ ಎರೆದ ಗುಂಡಿಯೊಂದನ್ನು ಹೆಮ್ಮೆಯಿಂದ ನಿನ್ನ ಕೈಗೆ ಕೊಟ್ಟೆ. ನೀನು ಹೆಬ್ಬೆರಳಲ್ಲಿ ಒಂದು ಸುತ್ತು ಸವರಿ, “ಚೆನ್ನಾಗಿದೆ ಕಣೋ. ಆದ್ರೆ ಜನರ ಕಣ್ಣಿಗೆ ಮೋಸ ಮಾಡ್ಬಹುದು, ನನ್ನ ಬೆರಳಿಗಲ್ಲ” ಅಂದು ವಾಪಸ್ ಕೊಟ್ಟೆ. ಗಿರಾಕಿಗಳು ಯಾವುದು ಅಸಲು ಯಾವುದು ನಕಲು ಅಂತ ಗೊತ್ತಾಗದೆ ಕಣ್ಣರಳಿಸುತ್ತಿದ್ದ ಕಾಲ ಅದು. ನಿನ್ನ ಮಾತು ನನಗೆ ಚುಚ್ಚಿತು. ಧೂಳು ತೆಗೆದುಕೊಡುತ್ತೇನೆ ಅಂತ ನಿನ್ನ ರೇಡಿಯೋವನ್ನು ಮೇಲೆ ತಂದು ಮೂರು ದಿನ ಇಟ್ಟುಕೊಂಡೆನಲ್ಲ? ಧೂಳು ತೆಗೆದದ್ದು ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಸದ್ದಿನ ಗುಂಡಿಯ ಅಚ್ಚು ತೆಗೆದು ಅದರ ನಕಲು ಮಾಡಿದೆ. ನಕಲನ್ನು ರೇಡಿಯೋಕ್ಕೆ ಸಿಕ್ಕಿಸಿ, ಅಸಲನ್ನು ನನ್ನ ಜೇಬಿಗೆ ಹಾಕಿಕೊಂಡು ಕೆಳಗೆ ತಂದಿಟ್ಟೆ.

ನಿನ್ನ ಕನ್ನಡಕದ ಡಬ್ಬಿಗೆ ಬಟಾಣಿ ತುಂಬಿದವನು ನಾನು, ಭಾವನ ಕೊಡೆಯೊಳಗೆ ಕಾಗದದ ಚೂರು ಸುರಿದವನೂ ನಾನು. ಎಲ್ಲಾ ತರಲೆಯೂ ನೀನು ಅಳತೆಪಟ್ಟಿಯಿಂದ ನನ್ನ ಬೆನ್ನಿಗೆ ಎರಡು ಕೊಟ್ಟು ನಗುವುದರಲ್ಲಿ ಮುಗಿಯುತ್ತಿತ್ತು. ಇದೂ ಹಾಗೇ ಸಂಜೆಯೊಳಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ಮಾರನೇ ದಿನ ನೀನು ವಾರ್ತೆ ಹಾಕಲು ಕೈ ಚಾಚಿದೆ. ಗುಂಡಿ ಮುಟ್ಟಿದ ಕೂಡಲೇ ಕೈ ಹಿಂದಕ್ಕೆ ತೆಗೆದೆ. ಸೆರಗಿಗೆ ಬೆರಳು ಒರೆಸಿಕೊಂಡು ಮತ್ತೆ ಮುಟ್ಟಿದೆ. “ಲೋ, ಈ ಗುಂಡಿ ಯಾಕೋ ಸಣ್ಣಗಾಗಿದೆ ಅಲ್ವಾ?” ಅಂತ ಕೇಳಿದೆ.

ನಾನು ಏನಂದೆ ಅಂತ ನಿನಗೆ ನೆನಪಿರುತ್ತದೆ. ನನಗಂತೂ ಮರೆಯಲಾಗಿಲ್ಲ. “ಗುಂಡಿ ಎಲ್ಲಾದ್ರೂ ಸಣ್ಣಗಾಗುತ್ತಾ ಅಕ್ಕಾ? ನಿನ್ನ ಬೆರಳೇ ಮಂದವಾಗಿರ್ಬೇಕು” ಅಂದೆ.

ನೀನು ಬೈಯಲಿಲ್ಲ. ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಾ ಕೂತೆ. ಆವತ್ತೇ ಹೇಳಿಬಿಡಬೇಕಿತ್ತು. ಆದರೆ ಗೆದ್ದೆನಲ್ಲ, ಇನ್ನೊಂದು ದಿನ ಗೆದ್ದಿರೋಣ ಅನ್ನಿಸಿತು. ಮಾರನೇ ದಿನ ನೋಡಿದರೆ ನೀನು ಹಿಂದಿನ ವಾರ ಹೊಲಿದಿಟ್ಟಿದ್ದ ಕಾಜಗಳನ್ನೆಲ್ಲ ಬಿಚ್ಚುತ್ತಾ ಕೂತಿದ್ದೆ. “ಬೆರಳು ನಂಬೋ ಹಾಗಿಲ್ಲ ಕಣೋ, ಎಲ್ಲಾ ವಕ್ರವಾಗಿರ್ಬೇಕು” ಅಂದೆ. ಅಷ್ಟು ಹೊತ್ತಿಗೆ ಅದು ತಮಾಷೆಯಾಗಿ ಉಳಿದಿರಲಿಲ್ಲ, ಹೇಳುವ ಧೈರ್ಯವೂ ನನಗೆ ಉಳಿದಿರಲಿಲ್ಲ. ಮತ್ತೆರಡು ದಿನಕ್ಕೆ ನೀನು ದರ್ಜಿಯ ಕೋಟುಗಳನ್ನು ಹಾಗೇ ವಾಪಸ್ ಕಳಿಸಿದೆ. ಅವನು ಮೆಟ್ಟಿಲು ಹತ್ತಿ ನನ್ನ ಹತ್ತಿರ ಬಂದು, “ಏನ್ ಸ್ವಾಮಿ, ಅಮ್ಮನೋರಿಗೆ ನನ್ನ ಮೇಲೆ ಕೋಪಾನಾ? ಕಾಜ ಚಿನ್ನದ ಹಾಗಿತ್ತಲ್ಲ, ಯಾಕೆ ಬಿಚ್ಚಿದ್ರು?” ಅಂತ ಕೇಳಿದ. ನಾನು ಅಚ್ಚಿನ ರಬ್ಬರು ಕಲಸುವುದರಲ್ಲಿ ಮುಳುಗಿದವನ ಹಾಗೆ ತಲೆ ಎತ್ತಲಿಲ್ಲ.

ಆಮೇಲೆ ನೀನು ಬಂದೆ, ಮಗಳೇ. ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು, “ಮಾಮಾ, ಅಮ್ಮನ ಕೈ ನಿಜವಾಗ್ಲೂ ಹೋಗಿದೆಯಾ? ಒಬ್ಬಳನ್ನೇ ಬಿಡಬಹುದಾ?” ಅಂತ ಕೇಳಿದೆ. “ವಯಸ್ಸಾಯ್ತಲ್ಲಮ್ಮ” ಅಂದೆ. ಯಾರ ವಯಸ್ಸು ಅಂತ ಹೇಳಲಿಲ್ಲ, ಅಷ್ಟೇ ನನ್ನ ಜಾಣತನ. ನೀನು ಆ ಭಾನುವಾರವೇ ಅಮ್ಮನನ್ನು ಕರೆದುಕೊಂಡು ಹೋದೆ. ಅಕ್ಕಾ, ಆಟೋ ಹತ್ತುವಾಗ ನೀನು ನನ್ನ ಕೆನ್ನೆ ತಟ್ಟಿ, “ಗ್ಯಾಸ್ ಆರಿಸೋದು ಮರೀಬೇಡ” ಅಂದೆ. ಅಸಲು ಗುಂಡಿ ಆಗಲೂ ನನ್ನ ಜೇಬಿನಲ್ಲೇ ಇತ್ತು.

ಹೋದ ವಾರ ಗಿರಾಕಿಯೊಬ್ಬ ನಾನು ಮಾಡಿದ ಗುಂಡಿ ಅವನ ಆಂಪ್ಲಿಫೈಯರಿನ ತೂತಿನಲ್ಲಿ ಅಲ್ಲಾಡುತ್ತದೆ ಅಂತ ವಾಪಸ್ ತಂದ. ಕ್ಯಾಲಿಪರ್, ಅದೇ ನನ್ನ ಅಳೆಯುವ ಕಡ್ಡಿ, ತೆಗೆದು ಅದನ್ನು ಅಳೆದೆ, ಹಾಗೆಯೇ ನಿನ್ನ ರೇಡಿಯೋದಲ್ಲಿದ್ದ ನಕಲನ್ನೂ ಅಳೆದೆ. ರೆಸಿನ್ ಗಟ್ಟಿಯಾಗುವಾಗ ಕುಗ್ಗುತ್ತದೆ. ಆ ನಕಲು ಅಸಲಿಗಿಂತ ಎರಡು ಕೂದಲೆಳೆಯಷ್ಟು ಸಣ್ಣದಾಗಿತ್ತು. ಎರಡೇ ಕೂದಲೆಳೆ, ಅಕ್ಕಾ. ನನ್ನ ಕಣ್ಣಿಗೆ ಕಾಣದ್ದು, ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ಬರೀ ಬೆರಳಲ್ಲಿ ಮುಟ್ಟಿ ಹಿಡಿಯದ್ದು ನಿನಗೆ ಒಂದು ಸಲ ಮುಟ್ಟಿದ್ದಕ್ಕೇ ಗೊತ್ತಾಯಿತು. ನಿನ್ನ ಬೆರಳಿಗೆ ಏನೂ ಆಗಿಲ್ಲ. ಅದು ಅಳೆಯುವ ಕಡ್ಡಿಗಿಂತ ಚೊಕ್ಕವಾಗಿದೆ.

ದರ್ಜಿಗೆ ನಿನ್ನೆ ಎಲ್ಲಾ ಹೇಳಿದೆ. ಅವನು “ಎಂಥಾ ಮನುಷ್ಯರು ಸ್ವಾಮಿ ನೀವು” ಅಂದು ಕತ್ತರಿ ಕೈಗೆತ್ತಿಕೊಂಡ. ನಾನು ಹೊರಟು ಬಾಗಿಲಿಗೆ ಬಂದಾಗ ಹಿಂದಿನಿಂದ, “ನಾಲ್ಕು ಕೋಟು ಇಟ್ಟಿರ್ತೀನಿ ಅಂತ ಅಮ್ಮನೋರಿಗೆ ಬರೀರಿ” ಅಂದ. ಬರೆದಿದ್ದೇನೆ.

ಬಾ ಅಂತ ಕರೆಯುವ ಮುಖ ನನಗಿಲ್ಲ. ಕೆಳಗಿನ ಮನೆಯ ಬೀಗದ ಕೈ ಈ ಕಾಗದದ ಜೊತೆಯ ಡಬ್ಬಿಯಲ್ಲಿದೆ. ನನ್ನ ಹತ್ತಿರ ಇನ್ನೊಂದಿಲ್ಲ, ಹಾಗಾಗಿ ನೀನು ಹೇಳದೆ ಯಾರೂ ಮಷೀನು ಮುಟ್ಟಲಾರರು. ಕೊಡುವುದಾದರೆ ಕೊಡು, ಆದರೆ ಬೆರಳು ಹೋಯಿತು ಅಂತ ಕೊಡಬೇಡ. ಅಳಿಯನಿಗೆ ನನ್ನ ನೆನಪು ಹೇಳು. ಮಗಳಿಗೆ ಆಶೀರ್ವಾದ, ಬೇಕೆನಿಸಿದರೆ ತೆಗೆದುಕೊಳ್ಳಲಿ. ನಿನ್ನ ಕಾಲಿಗೆ ಬೀಳುತ್ತೇನೆ. ಇದರಲ್ಲಿ ತಮಾಷೆ ಇಲ್ಲ.

ನಿನ್ನ ತಮ್ಮ,
ತರಲೆ

ಮರೆತದ್ದು: ಅಕ್ಕಾ, ಅಂಟಿಸಿದ ಲಕೋಟೆಯನ್ನು ಅಂಚೆ ಕಚೇರಿಯ ಕಟ್ಟೆಯ ಮೇಲೇ ಹರಿದು ಇದನ್ನು ಬರೆಯುತ್ತಿದ್ದೇನೆ, ಕಿಟಕಿ ಮುಚ್ಚುವ ಹೊತ್ತಾಯಿತು. ಮರೆತದ್ದು ಅಂದೆನಲ್ಲ, ಮರೆತಿರಲಿಲ್ಲ, ಬಿಟ್ಟಿದ್ದೆ. ಗಿರಾಕಿ ವಾಪಸ್ ತಂದದ್ದು ನಿಜ, ಹೋದ ವಾರ ಅಳೆದದ್ದೂ ನಿಜ. ಆದರೆ ಅದು ಮೊದಲನೇ ಸಲ ಅಲ್ಲ. ನಿನ್ನ ರೇಡಿಯೋಕ್ಕೆ ಸಿಕ್ಕಿಸುವ ಮೊದಲೇ ಅಳೆದಿದ್ದೆ. ನನ್ನ ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಇದೆ, ಎರಡು ಕೂದಲೆಳೆ ಕಮ್ಮಿ ಅಂತ. ಗುಂಡಿ ಸಣ್ಣಗಾಗಿದೆ ಅಲ್ವಾ ಅಂತ ನೀನು ಕೇಳಿದಾಗ ನೀನು ಸರಿ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ತಪ್ಪನ್ನು ನಿನ್ನ ಬೆರಳಿನ ಮೇಲೆ ಹಾಕಿದೆ.

ಡಬ್ಬಿಯಲ್ಲಿ ಬೀಗದ ಕೈ ಜೊತೆ ಎರಡೂ ಗುಂಡಿ ಇವೆ. ಗುರುತು ಹಾಕಿಲ್ಲ. ಮಗಳೇ, ನೀನು ಬೆಳಕಿಗೆ ಹಿಡಿದು ನೋಡಬೇಡ, ನಿನಗೆ ಗೊತ್ತಾಗುವುದಿಲ್ಲ. ಅಮ್ಮನ ಕೈಗೆ ಕೊಡು.