ಮೊಮ್ಮಗಳಿಗೆ ಎಲ್ಲೆನ್ ಎಂದು ಹೆಸರಿಟ್ಟರು

ಗುಡ್ರುನ್,

ನೀನು ತೀರಿಕೊಂಡ ಮರುವರ್ಷ ಹುಟ್ಟಿದ ಮೊಮ್ಮಗಳ ಹೆಸರಿಗೆ ತಗುಲಿದ ಖರ್ಚು: ಐದು ತಿಂಗಳು, ಮತ್ತು ಇಂಗ್ಲೆಂಡಿನ ಬೀಗಿತ್ತಿಯ ನಾಲಿಗೆಗೆ ಒಗ್ಗದೆ ಹೊಡೆದುಹಾಕಿದ ಮೂವತ್ತು ಡೇನಿಶ್ ಹೆಸರು.

“ಅಪ್ಪಾ, ಅಮ್ಮನ ಹೆಸರೇ ಇಡೋಣ್ವಾ? ನೀನು ಹೂಂ ಅಂದ್ರೆ ಹೇಝಲ್ ಒಪ್ಕೋತಾಳೆ,” ಎಂದು ಟ್ರೋಲ್ಸ್ ಕೇಳಿದ್ದ.

“ಮಗೂಗೆ ಹೆಸರಿಡ್ತಿದ್ದೀಯೋ, ಮೀನಿನ ದೋಣಿಗೋ? ಬೀಗಿತ್ತಿಗೆ ಕರೆಯೋಕೆ ಬರೋದನ್ನ ಇಡೋ,” ಎಂದು ನಕ್ಕುಬಿಟ್ಟೆ.

ಚರ್ಚಿನಲ್ಲಿ ನಾಮಕರಣ ಆಗುವವರೆಗೂ ಹೆಸರನ್ನು ಗುಟ್ಟಾಗಿಡುವುದು ನಮ್ಮ ಪದ್ಧತಿ. ಆ ಗುಟ್ಟು ನಿನ್ನ ಹೆಸರೇ ಇದ್ದೀತೆಂದು ನೆಚ್ಚಿಕೊಂಡು ಇವತ್ತು ಮುಂದಿನ ಸಾಲಿನಲ್ಲಿ ಕೂತೆ. ಪಾದ್ರಿಯಮ್ಮ ಮಗುವಿನ ಹೆಸರು ಕೇಳಿದರು. “ಎಲ್ಲೆನ್,” ಎಂದಳು ಸೊಸೆ ಹೇಝಲ್. ಎಲ್ಲರಂತೆ ನಾನೂ ತಲೆಯಾಡಿಸಿದೆ.

ಮಗುವಿಗೆ ಎರಡೂ ದೇಶಗಳಲ್ಲಿ ಸಲ್ಲುವ ಹೆಸರು ಸಿಕ್ಕಿತು. ಬೀಗಿತ್ತಿಗೆ ಕರೆಯಲು ಸುಲಭವಾಯಿತು. ನನಗೆ ಎರಡು ತುಂಡು ಕೇಕು ಬಂತು. ನಿನ್ನ ಪಾಲಿಗೆ ಏನೂ ಬರಲಿಲ್ಲ.