ಓರಿನ್ ಬರೆದ ನಕ್ಷೆ

ಡುಲೂತ್, ಮೇ ೧೪

ಪ್ರಿಯ ಓರಿನ್,

ನಮ್ಮ ಬಂದರು ಕಚೇರಿಯ ಪ್ರೋಗ್ರಾಂನಲ್ಲಿ ನಲವತ್ತು ಸಾವಿರ ಫೈಲುಗಳಿವೆ. ಯಾವುದು ಎಲ್ಲಿದೆ ಎಂದು ಇಪ್ಪತ್ತೆರಡು ವರ್ಷ ಹೇಳುತ್ತಿದ್ದವಳು ನಾನು. ನೀವು ಬಂದು, ಪ್ರೋಗ್ರಾಂ ತಿದ್ದಿ ಬರೆಯುವ ಎಐ ಸಹಾಯಕನಿಗಾಗಿ ಯಾವ ಕೆಲಸಕ್ಕೆ ಯಾವ ಫೈಲು ಎಂದು ತಿಳಿಸುವ ಒಂದು ನಕ್ಷೆ ಬರೆದಿರಿ. ಎಲ್ಲವನ್ನೂ ಓದುತ್ತಾ ದಾರಿ ತಪ್ಪುತ್ತಿದ್ದ ಅದು ಈಗ ಬೇಕಾದ ಫೈಲಿಗೆ ನೇರವಾಗಿ ಹೋಗುತ್ತದೆ. "ಇನ್ಮೇಲೆ ಮಾರ್ಲಿಸ್ ಆರಾಮಾಗಿ ಕಾಫಿ ಕುಡೀಬಹುದು ಬಿಡಿ," ಎಂದು ಮೇಲಧಿಕಾರಿ ಗ್ರೆಟಾ ನಕ್ಕರು. ನಾನೂ ನಕ್ಕೆ. ಅಂದಿನಿಂದ ಜನ ನಿಂತು ಮಾತಾಡುವುದು ನಿಮ್ಮ ಮೇಜಿನ ಹತ್ತಿರ.

ನಕ್ಷೆಯನ್ನು ಪರಿಶೀಲಿಸಲು ನೀವು ಕೊಟ್ಟಾಗ, ಹಡಗಿನ ತೂಕದ ಲೆಕ್ಕಕ್ಕೆ ಅದರಲ್ಲಿ ನಾವು ಈಗ ಬಳಸದ ಹಳೆಯ ಫೈಲಿನ ಹೆಸರಿರುವುದು ಕಣ್ಣಿಗೆ ಬಿತ್ತು. ಓದುವುದನ್ನು ಅಲ್ಲಿಗೇ ನಿಲ್ಲಿಸಿ, "ಎಲ್ಲಾ ಸರಿಯಾಗಿದೆ" ಎಂದೆ. ಸೋಮವಾರ ಸಹಾಯಕ ತೂಕದ ಹೊಸ ನಿಯಮವನ್ನು ಆ ಫೈಲಿನಲ್ಲೇ ಬರೆಯಿತು. ಕಾಗದಪತ್ರ ತಾಳೆಯಾಗದೆ ಗೋಧಿಯ ಮೂರು ಹಡಗುಗಳು ಎರಡು ದಿನ ನಿಂತವು. ಬೈಸಿಕೊಂಡವರು ನೀವು.

ತಿದ್ದಿದ ಪುಟ ಇದರೊಂದಿಗಿದೆ. ತಪ್ಪು ನನ್ನದೆಂದು ಗ್ರೆಟಾ ಅವರಿಗೂ ಬರೆದಿದ್ದೇನೆ.

ಉಳಿದ ಪುಟಗಳನ್ನು ನಿನ್ನೆ ಓದಿದೆ. "ಅನುಮಾನ ಬಂದರೆ ಊಹಿಸಬೇಡ, ಮಾರ್ಲಿಸ್ ಅವರನ್ನು ಕೇಳು" ಎಂದು ಕೊನೆಯಲ್ಲಿ ಸಹಾಯಕನಿಗೆ ಹೇಳಿದ್ದೀರಿ. ಆ ಸಾಲನ್ನು ಇಡುವುದೋ ಅಳಿಸುವುದೋ ನಿಮಗೆ ಬಿಟ್ಟದ್ದು.

ಇಂತು,
ಮಾರ್ಲಿಸ್ ಹಾಗೆನ್