ಹವಳದ ತೊಟ್ಟಿಗೆ ಪಾಚಿ ಕಟ್ಟಿದ್ದು

ಕ್ಲೈವ್,

ಮೌಂಟ್ ಐಸಾದ ಗಣಿಯಿಂದ ನೀನು ಬಂದಿಳಿಯೋ ಹೊತ್ತಿಗೆ ನಾನು ಡ್ಯೂಟಿಗೆ ಹೋಗಿರ್ತೀನಿ. ನೀನು ಹವಳ, ಮೀನು ಸಾಕಿರೋ ಗಾಜಿನ ತೊಟ್ಟಿ ನೋಡಿ ಕೂಗಾಡಬೇಡ. ಕಲ್ಲುಗಳನ್ನ ಉಪ್ಪುನೀರಿನ ಬಕೆಟ್‌ಗೆ ತೆಗೆದು, ಹಳೇ ಟೂತ್‌ಬ್ರಶ್‌ನಲ್ಲಿ ಪಾಚಿ ಉಜ್ಜು. ತೊಟ್ಟಿಯೊಳಗೇ ಉಜ್ಜಿದ್ರೆ ಮತ್ತೆ ಹರಡುತ್ತೆ. ನಲ್ಲಿ ನೀರು ಹಾಕಿದ್ರೆ ಪಾಚಿ ಬರುತ್ತೆ ಅಂತೀಯಲ್ಲ, ಅದನ್ನ ನಾನು ಹಾಕಿಲ್ಲ, ನಿನ್ನಾಣೆ. ಪಾಚಿ ಹೋಗೋವರೆಗೆ ತೊಟ್ಟಿಯ ದೀಪ ದಿನಕ್ಕೆ ಆರು ಗಂಟೆ ಸಾಕು. ಪಾಚಿ ತಿನ್ನೋ ಬಸವನಹುಳು ಮಗುಚಿ ಬಿದ್ದಿದ್ರೆ ನೆಟ್ಟಗೆ ಮಾಡು, ಪಾಪ, ಅದಕ್ಕೆ ತಾನಾಗೇ ಏಳೋಕೆ ಬರಲ್ಲ.

ಮೀನಿಗೆ ಊಟ ಒಂದೇ ಹೊತ್ತು ಅಂತ ನೀನು ಗಾಜಿನ ಮೇಲೆ ಬರೆದು ಅಂಟಿಸಿ ಹೋಗಿದ್ದೆ. ಈ ಎರಡು ವಾರ ನಾನು ದಿನಕ್ಕೆ ಐದಾರು ಸಲ ಹಾಕಿದೆ. ಪಾಚಿ ಕಟ್ಟಿದ್ದು ಅದಕ್ಕೇ, ಗೊತ್ತು. ಏನ್ಮಾಡ್ಲಿ, ಡಬ್ಬಿ ಅಲ್ಲಾಡಿಸಿದ್ರೆ ಈ ಮನೇಲಿ ನನ್ನ ಹತ್ರ ಓಡಿ ಬರೋದು ಅವು ಮಾತ್ರ.

ರೊವೀನಾ